ಹಳೆಯ ತ್ರೀ ನಾಟ್ ತ್ರೀಯನ್ನು ಓದುವ ಬಗೆ

ನೂರು ವರ್ಷದ ಸೈನಿಕ ರೈಫಲ್ ಒಂದು ನಿನ್ನೆ ಕಾರ್ಖಾನೆಯಿಂದ ಇಳಿದ ಹಾಗೆ ಫಳಫಳ ಹೊಳೆಯುತ್ತಿದ್ದರೆ ಬಲ್ಲವರು ಮೊದಲು ಹುಬ್ಬು ಗಂಟಿಕ್ಕುತ್ತಾರೆ. ಎರಡು ಮಹಾಯುದ್ಧ ಕಂಡ ಕೋವಿಯ ಮೈಮೇಲೆ ಗೀರು, ತರಚು, ಎಣ್ಣೆ ಕುಡಿದು ಕಪ್ಪಾದ ಮರ, ಒಂದರ ಮೇಲೊಂದು ಒತ್ತಿದ ಮುದ್ರೆಗಳು ಇರಲೇಬೇಕು. ಅವು ಇಲ್ಲವೆಂದರೆ ಯಾರೋ ಅಳಿಸಿದ್ದಾರೆ ಎಂದೇ ಅರ್ಥ. ಉಪ್ಪುಕಾಗದ ಹಿಡಿದು ಮರ ಉಜ್ಜಿ, ಬಫಿಂಗ್ ಚಕ್ರಕ್ಕೆ ಕಬ್ಬಿಣ ಕೊಟ್ಟು, ಮೇಲೆ ವಾರ್ನಿಷ್ ಬಳಿದು ‘ಚೆನ್ನಾಗಿ ಮಾಡಿಸಿದ್ದೇನೆ’ ಎಂದು ಹೆಮ್ಮೆಯಿಂದ ತೋರಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸಂಗ್ರಾಹಕರ ಕಣ್ಣಲ್ಲಿ ಆ ಕ್ಷಣಕ್ಕೆ ರೈಫಲ್‌ನ ಅರ್ಧ ಬೆಲೆ ಹೋಗಿರುತ್ತದೆ, ಅದರ ಚರಿತ್ರೆಯಂತೂ ಪೂರ್ತಿಯೇ ಹೋಗಿರುತ್ತದೆ.

ಈ ಮಾತಿಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ತ್ರೀ ನಾಟ್ ತ್ರೀ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರಿಗೆ ಅದರ ಭಾರ ಹೆಗಲಿಗೇ ನೆನಪಿರುತ್ತದೆ. ಸುಮಾರು ನಾಲ್ಕು ಕಿಲೋ, ಬಿಸಿಲಿನ ಪರೇಡಿನಲ್ಲಿ ಅದು ಎಂಟು ಕಿಲೋ ಅನಿಸುತ್ತದೆ. ಚುನಾವಣೆಯ ದಿನ ಮತಗಟ್ಟೆಯ ಬಾಗಿಲಲ್ಲಿ, ಖಜಾನೆಯ ಮುಂದೆ, ಕಾನ್‌ಸ್ಟೆಬಲ್‌ಗಳ ಪಕ್ಕದಲ್ಲಿ ದಶಕಗಳ ಕಾಲ ನಿಂತದ್ದು ಇದೇ ಮೊಂಡು ಮೂತಿಯ ಕೋವಿ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ಭಯೋತ್ಪಾದಕರ ಎಕೆ-47ಗಳ ಎದುರು ಪೊಲೀಸರ ಕೈಯಲ್ಲಿದ್ದದ್ದೂ ಇದೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಕೊನೆಯ ಬಾರಿ ಹೆಗಲಿಗೇರಿಸಿ ಇದಕ್ಕೆ ವಿದಾಯ ಹೇಳಿದರು. ಒಂದು ಆಯುಧ ಇಷ್ಟು ಕಾಲ ದುಡಿದದ್ದು ಅದರ ಹೆಗ್ಗಳಿಕೆಯೋ ನಮ್ಮ ಸರ್ಕಾರಗಳ ಜಿಪುಣತನವೋ ಎಂಬುದು ಬೇರೆ ಚರ್ಚೆ.

ಇದರ ಅಸಲು ಹೆಸರು ಲೀ-ಎನ್‌ಫೀಲ್ಡ್. ಜೇಮ್ಸ್ ಪ್ಯಾರಿಸ್ ಲೀ ಸ್ಕಾಟ್ಲೆಂಡಿನ ಹಾವಿಕ್‌ನಲ್ಲಿ 1831ರಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದವನು. ಹಿಂಭಾಗದಲ್ಲಿ ಬೀಗ ಬೀಳುವ ಬೋಲ್ಟ್ ಮತ್ತು ಅದರ ಕೆಳಗೆ ಕೂರುವ ಡಬ್ಬಿಯಾಕಾರದ ಮ್ಯಾಗಜೀನ್ ಅವನ ಕಲ್ಪನೆ. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಊರು. ಅಲ್ಲಿನ ಸರ್ಕಾರಿ ಕಾರ್ಖಾನೆ ರೂಪಿಸಿದ ನಳಿಗೆಯ ಕೊರೆತ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು) ಲೀಯ ಬೋಲ್ಟಿನ ಜೊತೆ 1895ರಲ್ಲಿ ಸೇರಿತು. ಅದಕ್ಕೂ ಮೊದಲು 1888ರಿಂದ ಇದ್ದದ್ದು ಲೀ-ಮೆಟ್‌ಫೋರ್ಡ್. ವಿಲಿಯಂ ಮೆಟ್‌ಫೋರ್ಡ್ ರೂಪಿಸಿದ ನುಣುಪಾದ, ಆಳವಿಲ್ಲದ ಏಳು ಕೊರೆತಗಳು ಕಪ್ಪು ಮದ್ದಿಗೆ ಚೆನ್ನಾಗಿ ಒಗ್ಗಿದ್ದವು. ಹೊಸದಾಗಿ ಬಂದ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದಿನ ಕಾವಿಗೆ ಬೇಗ ಸವೆದವು. ಹಾಗಾಗಿ ಚೌಕ ಅಂಚಿನ ಐದು ಆಳದ ಕೊರೆತಗಳು ಬಂದವು. ಬೋಯರ್ ಯುದ್ಧದ ಪಾಠ ಕಲಿತ ಬ್ರಿಟಿಷರು ಕಾಲಾಳು, ಕುದುರೆ ಸವಾರ ಇಬ್ಬರಿಗೂ ಒಂದೇ ಅಳತೆಯ ಗಿಡ್ಡ ರೈಫಲ್ ಮಾಡಿದರು. 25.2 ಇಂಚಿನ ನಳಿಗೆ, ಹತ್ತು ತೋಟಾ ಹಿಡಿಯುವ ಮ್ಯಾಗಜೀನ್. 1907ರ ಜನವರಿಯಲ್ಲಿ ಅಂಗೀಕಾರವಾದ ಅದರ ಮೂರನೇ ಮಾದರಿಯೇ ನಾವು ಇವತ್ತಿಗೂ ಗುರುತು ಹಿಡಿಯುವ ರೂಪ. ಭಾರತದ ನೆಲದಲ್ಲಿ ಸಿಗುವ ಬಹುಪಾಲು ತ್ರೀ ನಾಟ್ ತ್ರೀಗಳು ಈ ವಂಶದವು.

ಕೈಗೆ ತೆಗೆದುಕೊಂಡ ಮೇಲೆ

ಯಾವ ಹಳೆಯ ಕೋವಿಯಾಗಲಿ, ಮೊದಲ ಕೆಲಸ ಮ್ಯಾಗಜೀನ್ ಕಳಚಿ, ಬೋಲ್ಟ್ ಎಳೆದು, ತೋಟಾ ಕೂರುವ ಕೋಣೆಯಲ್ಲಿ ಏನೂ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ನೋಡುವುದು. ‘ಅದು ಅಜ್ಜನ ಕಾಲದಿಂದ ಖಾಲಿ’ ಎಂಬ ಮಾತನ್ನು ನಂಬಬಾರದು. ಖಾಲಿ ಕೋವಿಯಿಂದ ಸತ್ತವರ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ.

ಆಮೇಲೆ ನೋಡಬೇಕಾದದ್ದು ಬೋಲ್ಟಿನ ಹಿಡಿ ಕೆಳಗೆ ಇಳಿದು ಕೂರುವ ಜಾಗ, ಭುಜಕ್ಕೆ ಒರಗುವ ಮರದ ಬಟ್ಟು ಲೋಹದೊಳಗೆ ಸೇರುವ ಪಟ್ಟಿಯ ಬಲಬದಿ. ಇಡೀ ರೈಫಲ್‌ನ ಜಾತಕ ಅಲ್ಲಿದೆ. ಮೇಲೆ ಕಿರೀಟ, ಅದರ ಕೆಳಗೆ ಆಳುತ್ತಿದ್ದ ದೊರೆಯ ಹೆಸರಿನ ಅಕ್ಷರಗಳು, ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಕಡೆಗೆ ಮಾದರಿ. ವಿಕ್ಟೋರಿಯಾ ಇದ್ದಾಗ ವಿ.ಆರ್., ಏಳನೇ ಎಡ್ವರ್ಡ್‌ಗೆ ಇ.ಆರ್., ಜಾರ್ಜ್‌ಗಳಿಗೆ ಜಿ.ಆರ್. ಕಾರ್ಖಾನೆ ಎನ್‌ಫೀಲ್ಡ್ ಇರಬಹುದು, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಇರಬಹುದು, ಲಂಡನ್ನಿನ ಎಲ್.ಎಸ್.ಎ. ಇರಬಹುದು, ಆಸ್ಟ್ರೇಲಿಯಾದ ಲಿತ್‌ಗೊ ಇರಬಹುದು. ಬಂಗಾಳದಲ್ಲಿ ಹೂಗ್ಲಿ ನದಿಯ ದಂಡೆಯ ಇಷಾಪುರವೂ ಇರಬಹುದು. ಮಾದರಿಯ ಅಂಕೆಯ ಪಕ್ಕ ಒಂದು ನಕ್ಷತ್ರ ಇದೆಯೇ ಎಂಬುದನ್ನು ಮರೆಯದೆ ನೋಡಬೇಕು. 1916ರ ಆರಂಭದಲ್ಲಿ, ಯುದ್ಧಕ್ಕೆ ರೈಫಲ್ ಸಾಲದೆ ಬಂದಾಗ, ಮ್ಯಾಗಜೀನಿನ ಮೇಲೆ ಮುಚ್ಚುತ್ತಿದ್ದ ತಗಡು, ದೂರದ ಗುಂಪಿನ ಮೇಲೆ ಸಾಮೂಹಿಕವಾಗಿ ಹಾರಿಸಲು ಪಕ್ಕದಲ್ಲಿದ್ದ ಹೆಚ್ಚುವರಿ ಗುರಿಕಣ್ಣು ಮೊದಲಾದವನ್ನು ಕೈಬಿಟ್ಟು ಸರಳಗೊಳಿಸಿದ ಮಾದರಿಗೆ ಆ ನಕ್ಷತ್ರ. 1912ರ ರೈಫಲ್‌ನಲ್ಲಿ ಈ ಭಾಗಗಳು ಹಾಗೇ ಉಳಿದಿದ್ದರೆ ಸಂಗ್ರಾಹಕನ ಕೈ ನಡುಗುತ್ತದೆ. ಹೆಚ್ಚಿನವುಗಳಲ್ಲಿ ಅವನ್ನು ಸೇನೆಯೇ ನಡುವೆ ಕಿತ್ತು ಹಾಕಿದೆ.

ಇಲ್ಲೇ ಮೊದಲ ಎಡವಟ್ಟೂ ಆಗುವುದು. ಪಟ್ಟಿಯ ಮೇಲೆ 1917 ಎಂದಿದ್ದರೆ ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಒಡಲು) 1917ರದ್ದು, ಅಷ್ಟೇ. ನಳಿಗೆ 1940ರದ್ದಾಗಿರಬಹುದು, ಮರ 1950ರದ್ದಾಗಿರಬಹುದು. ಸೇನೆಗೆ ರೈಫಲ್ ಎಂದರೆ ಸವೆದ ಭಾಗ ಬಿಚ್ಚಿ ಹೊಸದು ಹಾಕಿ ಮತ್ತೆ ಕೆಲಸಕ್ಕೆ ಕಳಿಸುವ ಸಾಮಾನು. ಕಾರ್ಖಾನೆಯಲ್ಲಿ ಪೂರ್ತಿ ದುರಸ್ತಿಯಾಗಿ ಬಂದದ್ದಕ್ಕೆ ಎಫ್.ಟಿ.ಆರ್. ಎಂಬ ಮುದ್ರೆ, ಪಕ್ಕದಲ್ಲಿ ವರ್ಷ ಇರುತ್ತದೆ. ಇದು ದೋಷವಲ್ಲ. ದುರಸ್ತಿಯಾದ ರೈಫಲನ್ನು ‘ಹುಟ್ಟಿದ ಹಾಗೇ ಇದೆ’ ಎಂದು ಮಾರುವುದು ಮಾತ್ರ ಮೋಸ.

ನಂಬರುಗಳು ಹೆಚ್ಚು ಹೊತ್ತು ಬೇಡುವ ವಿಷಯ. ಒಂದೇ ನಂಬರು ರಿಸೀವರ್‌ನ ಮೇಲೆ, ನಳಿಗೆಯ ಬುಡದಲ್ಲಿ, ಬೋಲ್ಟಿನ ಹಿಡಿಯ ಹಿಂದೆ, ಹಿಂಗುರಿಯ (ಹಿಂಬದಿ ಗುರಿಕಣ್ಣಿನ) ಎಲೆಯ ಅಡಿಯಲ್ಲಿ, ಮೂತಿಯ ಕವಚದ ಮೇಲೆ, ಮುಂಭಾಗದ ಮರದ ತುದಿಯಡಿಯಲ್ಲಿ ಇರಬೇಕು. ಎಲ್ಲವೂ ತಾಳೆಯಾದರೆ ಅಪರೂಪ. ಮೊದಲು ತಾಳ ತಪ್ಪುವುದು ಸಾಮಾನ್ಯವಾಗಿ ಬೋಲ್ಟ್. ಶಸ್ತ್ರಾಗಾರಗಳಲ್ಲಿ ಭದ್ರತೆಗಾಗಿ ಬೋಲ್ಟ್ ತೆಗೆದು ಬೇರೆ ಕಡೆ ಇಡುವ ರೂಢಿಯಿತ್ತು; ವಿಲೇವಾರಿಯ ದಿನ ಯಾರದೋ ಬೋಲ್ಟ್ ಯಾರದೋ ಮೈಗೆ ಸೇರಿತು. ಅಲ್ಲಿ ಹೊಸ ನಂಬರನ್ನು ಹೇಗೆ ಹಾಕಿದ್ದಾರೆ ಎಂದು ಲೆನ್ಸ್ ಹಿಡಿದು ನೋಡಬೇಕು. ಸೇನೆಯ ಶಸ್ತ್ರಕಾರ ಹಳೆಯ ನಂಬರಿನ ಮೇಲೆ ಅಡ್ಡಗೀಟು ಹೊಡೆದು ಪಕ್ಕದಲ್ಲಿ ಹೊಸದನ್ನು ಒತ್ತುತ್ತಿದ್ದ, ಎಲ್ಲವೂ ಬಹಿರಂಗ. ಹಳೆಯದನ್ನು ಅರದಿಂದ ಉಜ್ಜಿ ಅಳಿಸಿ, ಆ ತಗ್ಗಿನಲ್ಲಿ ಹೊಸ ನಂಬರು ಕೂರಿಸಿದ್ದರೆ ಅದು ವ್ಯಾಪಾರಿಯ ಕೈಚಳಕ. ತಾಳೆಯಾಗುವ ನಂಬರಿಗೆ ಹೆಚ್ಚು ದುಡ್ಡು ಬರುತ್ತದೆ ಎಂದು ಗೊತ್ತಾದ ದಿನದಿಂದ ಈ ಕೆಲಸ ನಡೆದೇ ಇದೆ.

ತಾಳೆಯಾಗದ ಬೋಲ್ಟ್ ಬರೀ ಬೆಲೆಯ ಪ್ರಶ್ನೆಯಲ್ಲ. ತ್ರೀ ನಾಟ್ ತ್ರೀ ತೋಟಾಕ್ಕೆ ಬುಡದಲ್ಲಿ ಅಂಚು ಇದೆ. ಆ ಅಂಚು ಕೂರಲು ಬೋಲ್ಟಿನ ಮುಖ ಮತ್ತು ನಳಿಗೆಯ ನಡುವೆ ಇರುವ ಸಂದು ಒಂದು ಇಂಚಿನ ಸಾವಿರ ಭಾಗಗಳಲ್ಲಿ 74 ಭಾಗ ಮೀರಬಾರದು ಎಂಬುದು ಸೇನೆಯ ಮಿತಿ. ಬೇರೆ ಬೋಲ್ಟ್ ಬಂದಾಗ ಈ ಸಂದು ಹಿಗ್ಗಿದ್ದರೆ ತೋಟಾದ ಹಿತ್ತಾಳೆ ಹರಿದು ಬೆಂಕಿಯ ಗಾಳಿ ಹಿಂದಕ್ಕೆ, ಹೊಡೆಯುವವನ ಮುಖಕ್ಕೇ ನುಗ್ಗಬಹುದು. ಅದಕ್ಕೆ ಅಳತೆಯ ಗೇಜುಗಳಿವೆ. ಗೇಜು ಇಲ್ಲದವರು ಹಾರಿಸಿ ನೋಡುವ ಪರೀಕ್ಷೆಗೆ ಇಳಿಯಲೇಬಾರದು.

ಮರ, ಎಣ್ಣೆ ಮತ್ತು ಹಿತ್ತಾಳೆ

ಸೈನಿಕ ರೈಫಲ್‌ನ ಅಕ್ರೋಟ್ ಮರಕ್ಕೆ ಸೇನೆ ಉಣಿಸುತ್ತಿದ್ದದ್ದು ಅಗಸೆ ಎಣ್ಣೆ, ಬೇರೇನಲ್ಲ. ಅಂಗೈಯಿಂದ ತಿಕ್ಕಿ ತಿಕ್ಕಿ ದಶಕಗಳಲ್ಲಿ ಬರುವ ಆ ಕಡುಗೆಂಪು ಬಣ್ಣವನ್ನು ಡಬ್ಬಿಯಿಂದ ತರಲು ಆಗುವುದಿಲ್ಲ. ಮರ ಉಜ್ಜಿಸಿಕೊಂಡಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಬಟ್ಟಿನ ತುದಿಯ ಹಿತ್ತಾಳೆ ಫಲಕ ಮರದ ಮಟ್ಟಕ್ಕೆ ಇರಬೇಕು, ಅಥವಾ ಮರವೇ ಕೂದಲೆಳೆಯಷ್ಟು ಮೇಲಿರಬೇಕು. ಲೋಹ ಹೊರಗೆ ಚಾಚಿ ಬೆರಳಿಗೆ ತಾಕಿದರೆ ಮರವನ್ನು ಉಪ್ಪುಕಾಗದ ತಿಂದಿದೆ. ಅದರ ಜೊತೆಗೇ ಬಟ್ಟಿನ ಪಕ್ಕದಲ್ಲಿದ್ದ ತಪಾಸಣಾ ಮುದ್ರೆಗಳೂ ಹೋಗಿರುತ್ತವೆ.

ಹಿತ್ತಾಳೆ ಫಲಕದಲ್ಲಿ ಒಂದು ಪುಟ್ಟ ಬಾಗಿಲಿದೆ, ಉಗುರಲ್ಲಿ ಎತ್ತಿದರೆ ತೆರೆಯುತ್ತದೆ. ಒಳಗೆ ಎಣ್ಣೆಯ ಬಾಟಲಿ, ನಳಿಗೆ ಒರೆಸುವ ಹಗ್ಗ ಇರುತ್ತಿದ್ದವು. ಎಷ್ಟೋ ರೈಫಲ್‌ಗಳಲ್ಲಿ ಅವು ಈಗಲೂ ಅಲ್ಲೇ ಕೂತಿವೆ, ಯಾರೂ ತೆರೆದು ನೋಡಿಲ್ಲ ಅಷ್ಟೆ. ಬಟ್ಟಿನ ಬಲಗಡೆ ರೂಪಾಯಿಯಷ್ಟಗಲದ ಹಿತ್ತಾಳೆ ಬಿಲ್ಲೆ ಇದ್ದರೆ, ಅದರ ಮೇಲೆ ರೆಜಿಮೆಂಟಿನ ಸಂಕ್ಷಿಪ್ತ ಅಕ್ಷರಗಳು ಕೆತ್ತಿದ್ದರೆ, ರೈಫಲ್ ಯಾವ ಪಡೆಯ ಕೈಯಲ್ಲಿತ್ತು ಎಂದು ಹುಡುಕಲು ದಾರಿ ತೆರೆಯಿತು. ಬಹಳಷ್ಟರಲ್ಲಿ ಬಿಲ್ಲೆ ಇರುವುದಿಲ್ಲ, ಬಿಲ್ಲೆ ಕೂರಿಸಿದ್ದ ಗುಂಡಿ ಮಾತ್ರ ಇರುತ್ತದೆ. ಬರಿಗುಂಡಿಗೆ ಹೊಸ ಬಿಲ್ಲೆ ಕೆತ್ತಿಸಿ, ಹೆಸರಾಂತ ಪಡೆಯೊಂದರ ಅಕ್ಷರ ಹಾಕಿ ಮಾರುವವರೂ ಇದ್ದಾರೆ. ನೂರು ವರ್ಷದ ಹಿತ್ತಾಳೆಯ ಅಂಚು ಅಷ್ಟು ಚೂಪಾಗಿರಲು ಸಾಧ್ಯವಿಲ್ಲ ಎಂಬ ಸಾಮಾನ್ಯ ಬುದ್ಧಿ ಇಲ್ಲಿ ಸಾಕು.

ನಳಿಗೆಯ ಒಳಗೆ ಏನಿದೆ

ಹೊರಗಿನ ಅಂದ ಏನೇ ಇರಲಿ, ರೈಫಲ್‌ನ ಆಯುಷ್ಯ ನಳಿಗೆಯೊಳಗೆ. ಬೋಲ್ಟ್ ಹೊರತೆಗೆದು ಹಿಂದಿನಿಂದ ಬೆಳಕಿನ ಕಡೆಗೆ ಹಿಡಿದು ನೋಡಿದರೆ ಎಡಕ್ಕೆ ತಿರುಗುತ್ತ ಹೋಗುವ ಐದು ಕೊರೆತಗಳು ಕಾಣಬೇಕು. (ಎರಡನೇ ಮಹಾಯುದ್ಧದ ಕೆಲವು ನಾಲ್ಕನೇ ನಂಬರಿನ ಲೀ-ಎನ್‌ಫೀಲ್ಡ್‌ಗಳಲ್ಲಿ ಎರಡೇ ಕೊರೆತ ಕಾಣುತ್ತವೆ. ಸವೆದದ್ದಲ್ಲ, ಬೇಗ ತಯಾರಾಗಲಿ ಎಂದು ಹಾಗೆ ಮಾಡಿದ್ದು.) ಅಂಚುಗಳು ಚೂಪಾಗಿ, ಮೇಲ್ಮೈ ಕನ್ನಡಿಯಂತಿದ್ದರೆ ಅದೃಷ್ಟ. ಹೆಚ್ಚಾಗಿ ಕಾಣುವುದು ಮಬ್ಬು, ಕಪ್ಪು ಚುಕ್ಕೆ, ಅಲ್ಲಲ್ಲಿ ಗುಳಿ.

ಆ ಗುಳಿಗಳನ್ನು ತೋಡಿದ್ದು ಗುಂಡಲ್ಲ, ಉಪ್ಪು. ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ಸಂಬಂಧಿ. ಅದು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆ ಹಚ್ಚಿದರೆ ಪ್ರಯೋಜನವಿಲ್ಲ, ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ನೀರಿನಲ್ಲಿ ಕರಗುತ್ತದೆ. ಅದಕ್ಕೇ ಬ್ರಿಟಿಷ್ ಸೇನೆಯಲ್ಲಿ ಗುಂಡು ಹಾರಿಸಿದ ಮೇಲೆ ಆಲಿಕೆಯಿಟ್ಟು ನಳಿಗೆಯೊಳಗೆ ಕುದಿಯುವ ನೀರು ಹೊಯ್ಯುವ ಪದ್ಧತಿ ಇತ್ತು. ನೀರು ಉಪ್ಪನ್ನು ಒಯ್ಯುತ್ತದೆ, ಕಾದ ಲೋಹ ತಾನೇ ಒಣಗುತ್ತದೆ, ಆಮೇಲೆ ಎಣ್ಣೆ. ಕೋವಿಗೆ ನೀರು ತಾಗಿಸಬಾರದು ಎಂದು ನಂಬಿದವರು ಬರೀ ಎಣ್ಣೆ ಹಚ್ಚಿಟ್ಟು ನಳಿಗೆ ಕೆಡಿಸಿಕೊಂಡರು. ಮಲೆನಾಡಿನಂಥ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಸೀಮೆಗಳಲ್ಲಿ ಈ ಉಪ್ಪಿನ ಕೆಲಸ ಇನ್ನೂ ಚುರುಕು.

ನಳಿಗೆಯ ಬಾಯಿಯ ಕಡೆಯ ಸವೆತಕ್ಕೆ ಕಾರಣ ಬೇರೆ. ಒರೆಸುವ ಹಗ್ಗವನ್ನು ನೇರವಾಗಿ ಎಳೆಯದೆ ಓರೆಯಾಗಿ ಎಳೆದರೆ, ಹಗ್ಗಕ್ಕೆ ಮರಳು ಅಂಟಿದ್ದರೆ, ಅದು ಅರದ ಹಾಗೆ ಬಾಯಿಯ ಒಂದು ಬದಿಯನ್ನು ಉಜ್ಜುತ್ತದೆ. ಮರಳುಗಾಡಿನಲ್ಲಿ ದುಡಿದ ರೈಫಲ್‌ಗಳ ಬಾಯಿ ದುಂಡಗೆ ಉಳಿದಿರುವುದು ಕಷ್ಟ. ಇದನ್ನು ನೋಡಲು ಮದ್ದು, ಕೇಪು ಇಲ್ಲದ ಡಮ್ಮಿ ತೋಟಾ ಒಂದು ಸಾಕು: ಗುಂಡಿನ ತುದಿಯನ್ನು ನಳಿಗೆಯ ಬಾಯಿಗೆ ಇಟ್ಟಾಗ ಗುಂಡಿನ ಒಂದಿಷ್ಟು ಭಾಗ ಹೊರಗೆ ನಿಲ್ಲಬೇಕು. ಹಿತ್ತಾಳೆಯ ಕತ್ತಿನವರೆಗೂ ಒಳಗೆ ಇಳಿದರೆ ನಳಿಗೆ ಮುಗಿದಿದೆ. ಇನ್ನು ಒಳಗೆ ನೋಡುವಾಗ ಎಲ್ಲೋ ಒಂದು ಕಡೆ ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಹಾರಿಸಿದ್ದರ ಗುರುತು ಅದು. ಅಂಥದ್ದು ಗೋಡೆಗೆ ಸರಿ, ಭುಜಕ್ಕಲ್ಲ.

ಇಷಾಪುರದ ಮುದ್ರೆ ಹೇಳುವುದು

ನನಗೆ ಕೇಳಿದರೆ, ಲೀ-ಎನ್‌ಫೀಲ್ಡ್‌ಗಳಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವುದು ಇಷಾಪುರದವು. ಬ್ರಿಟನ್, ಅಮೆರಿಕದ ಸಂಗ್ರಾಹಕರು ಬಹುಕಾಲ ಇವನ್ನು ಎರಡನೇ ದರ್ಜೆಯವೆಂದು ಮೂಗು ಮುರಿದರು. ಮೈಗೆ ಕಪ್ಪು ಎನಾಮಲ್ ಬಣ್ಣ, ಮರಕ್ಕೆ ಅಲ್ಲಲ್ಲಿ ತೇಪೆ, ಯುದ್ಧಕಾಲದವುಗಳಲ್ಲಿ ಒರಟು ಅರದ ಗೀರು. ಅಂದವಿಲ್ಲ, ನಿಜ. ಆದರೆ ಆ ಒರಟುತನದಲ್ಲೇ ಸಾಮ್ರಾಜ್ಯದ ಲೆಕ್ಕಾಚಾರ ಇದೆ.

ಇಷಾಪುರದ ರೈಫಲ್ ಕಾರ್ಖಾನೆ ಶುರುವಾದದ್ದು 1904ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದ ಮದ್ದಿನ ಕಾರ್ಖಾನೆಯ ನೆಲದಲ್ಲಿ. 1857ರ ದಂಗೆಗೆ ಕಿಡಿಯಾದದ್ದು ಎನ್‌ಫೀಲ್ಡ್‌ನ 1853ರ ಮಾದರಿ ಕೋವಿಯ ಕೊಬ್ಬು ಸವರಿದ ತೋಟಾ ಎಂಬುದು ಶಾಲೆಯ ಪುಸ್ತಕದಲ್ಲಿದೆ. ಆಮೇಲೆ ಏನಾಯಿತು ಎಂಬುದು ಇಲ್ಲ. ದಂಗೆ ಅಡಗಿದ ಮೇಲೆ ಸಿಪಾಯಿಗಳಿಗೆ ಕೊಟ್ಟದ್ದು ಒಳಗಿನ ಕೊರೆತ ತೆಗೆದ, ಗುರಿ ನೆಚ್ಚಲಾಗದ ಬೋಳು ನಳಿಗೆಯ ಕೋವಿ. ಅಲ್ಲಿಂದ ಮುಂದೆ ಗೋರಾ ಪಲ್ಟನ್ನಿಗೆ ಹೊಸದು, ಕರಿಯ ಪಲ್ಟನ್ನಿಗೆ ಅವರು ಬಿಟ್ಟದ್ದು ಎಂಬುದೇ ನಿಯಮವಾಯಿತು. ಅವರಿಗೆ ಮಾರ್ಟಿನಿ ರೈಫಲ್ ಬಂದಾಗ ಇವರಿಗೆ ಹಳೆಯ ಸ್ನೈಡರ್, ಅವರಿಗೆ ಲೀ-ಮೆಟ್‌ಫೋರ್ಡ್ ಬಂದಾಗ ಇವರಿಗೆ ಮಾರ್ಟಿನಿ. 1914ರ ಶರತ್ಕಾಲದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಇಳಿದ ಭಾರತೀಯ ಪಡೆಗೆ ಹೊಸ ರೈಫಲ್ ಸಿಕ್ಕಿದ್ದು ಅಲ್ಲಿ, ಬಂದರಿನಲ್ಲಿ. ಅದನ್ನು ಕೈಗೆ ಒಗ್ಗಿಸಿಕೊಳ್ಳಲು ಸಮಯವಿಲ್ಲದೆ ಅವರು ಕಂದಕಗಳಿಗೆ ಹೋದರು.

ಈಗ ಇಷಾಪುರದ ಪಟ್ಟಿಯನ್ನು ನೋಡಿ. ಇಂಗ್ಲೆಂಡಿನದರಲ್ಲಿ ಜಿ.ಆರ್. ಇರುವಲ್ಲಿ ಇದರಲ್ಲಿ ಜಿ.ಆರ್.ಐ. ಎಂದಿದೆ. ಆ ಕೊನೆಯ ಅಕ್ಷರ ಚಕ್ರವರ್ತಿ ಎಂಬುದಕ್ಕೆ. ಜಾರ್ಜ್ ಅಲ್ಲಿ ರಾಜ, ಇಲ್ಲಿ ಚಕ್ರವರ್ತಿ. ಸರ್ಕಾರಿ ಸ್ವತ್ತಿನ ಬಾಣದ ಗುರುತಿನ ಕೆಳಗೂ ಭಾರತಕ್ಕೆಂದು ಒಂದು ಐ ಸೇರಿರುತ್ತದೆ. ಸ್ವಾತಂತ್ರ್ಯದ ಬೆನ್ನಲ್ಲೇ ಕಿರೀಟವೂ ಚಕ್ರವರ್ತಿಯೂ ಮಾಯವಾಗಿ ಆರ್.ಎಫ್.ಐ. ಎಂಬ ಮೂರೇ ಅಕ್ಷರ ಬಂದವು. ಅದೇ ಯಂತ್ರ, ಅದೇ ಕೆಲಸಗಾರರು, ಅದೇ ರೈಫಲ್.

ಮುಂಭಾಗದ ಮರದಲ್ಲಿ ಮ್ಯಾಗಜೀನಿನ ಮುಂದೆ ಅಡ್ಡಲಾಗಿ ಒಂದು ತಿರುಪು ಕಂಡರೆ ಅದು ಇಷಾಪುರದ ಕೈಗುರುತು. ಮರ ಸೀಳದಿರಲಿ ಎಂದು ಹಾಕಿದ್ದು. ಗೊತ್ತಿಲ್ಲದವರು ಯಾರೋ ಹಳ್ಳಿ ಬಡಗಿ ರಿಪೇರಿ ಮಾಡಿದ್ದಾನೆ ಎಂದುಕೊಳ್ಳುತ್ತಾರೆ. ಕೆಲವುಗಳ ಮುಂಭಾಗಕ್ಕೆ ತಂತಿ ಸುತ್ತಿ ಬೆಸುಗೆ ಹಾಕಿರುತ್ತಾರೆ. ಅದೂ ರಿಪೇರಿಯಲ್ಲ. ಮೂತಿಗೆ ಬಟ್ಟಲು ಸಿಕ್ಕಿಸಿ ಗ್ರೆನೇಡ್ ಹಾರಿಸಲು ಬಳಸಿದ ರೈಫಲ್‌ಗಳು ಅವು. ಆ ಹೊಡೆತಕ್ಕೆ ಮರ ಸಿಡಿದರೂ ಸೈನಿಕನ ಕೈ ಉಳಿಯಲಿ ಎಂದು ತಂತಿ. ಇದನ್ನು ‘ಸರಿಮಾಡಲು’ ತಂತಿ ಬಿಚ್ಚಿದವನಿಗೆ ಏನೆನ್ನಬೇಕೋ ನನಗೆ ತಿಳಿಯದು.

ಇನ್ನೊಂದು ಜಾತಿಯಿದೆ, ನೋಡಲು ಥೇಟ್ ತ್ರೀ ನಾಟ್ ತ್ರೀ, ಒಳಗೆ ಬೋಳು. ಇಷಾಪುರದಲ್ಲೇ ಹಳೆಯ ರೈಫಲ್‌ಗಳ ಕೊರೆತ ತೆಗೆದು .410 ಬೋರಿನ ಮಸ್ಕೆಟ್ ಮಾಡಿದರು, ಪೊಲೀಸರಿಗೆ, ಕಾವಲುಗಾರರಿಗೆ. ಮ್ಯಾಗಜೀನ್ ಇದ್ದ ಜಾಗಕ್ಕೆ ಬೆಣೆ, ಒಂದು ಸಲಕ್ಕೆ ಒಂದೇ ತೋಟಾ. ಈ ಕೋವಿ ಯಾರ ಕೈಗಾದರೂ ಸಿಕ್ಕರೆ, ಅಥವಾ ಹಿಡಿದವನೇ ತಿರುಗಿ ನಿಂತರೆ, ದೂರದಿಂದ ಹೊಡೆಯಲು ಬಾರದಿರಲಿ ಎಂಬ ಮುನ್ನೆಚ್ಚರಿಕೆ. 1857ರ ಭಯ ಲೋಹದಲ್ಲಿ ಎಷ್ಟು ಕಾಲ ಉಳಿಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ದಾಖಲೆಗಳ ಕಟ್ಟಿನಲ್ಲೂ ಸಿಗಲಾರದು. ನಾಗರಿಕರಿಗೂ .303 ಬೋರನ್ನು ಬ್ರಿಟಿಷರು ಮುಚ್ಚಿದ್ದರು. ನಮ್ಮ ತೋಟದ ಸೀಮೆಗಳಲ್ಲಿ ‘ತ್ರೀ ಫಿಫ್ಟೀನ್’ ಎಂದು ಕರೆಯುವ .315 ಸ್ಪೋರ್ಟಿಂಗ್ ರೈಫಲ್ ಅದರಿಂದಲೇ ಹುಟ್ಟಿದ್ದು: ಬೋಲ್ಟ್ ಲೀ-ಎನ್‌ಫೀಲ್ಡಿನದು, ತೋಟಾ ಆಸ್ಟ್ರಿಯಾದ ಮಾನ್ಲಿಕರ್ ವಂಶದ್ದು, ಸೇನೆಯ ಗುಂಡು ಅದರಲ್ಲಿ ಕೂರುವುದಿಲ್ಲ.

ಗಡಿಯಾಚೆ ಈ ಭಯ ಸುಳ್ಳಾಗಲಿಲ್ಲ. ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಂ ಖೇಲ್‌ನಲ್ಲಿ ಅಫ್ರೀದಿ ಕುಶಲಕರ್ಮಿಗಳು ಕೈಯರ, ಕುಲುಮೆ, ಸಾಣೆ ಇಷ್ಟನ್ನೇ ಇಟ್ಟುಕೊಂಡು ಲೀ-ಎನ್‌ಫೀಲ್ಡಿನ ನಕಲು ಮಾಡಿದರು. ರೂಪ ಕಣ್ಣು ಕೋರೈಸುವಷ್ಟು ಸರಿ. ಸಿಕ್ಕಿಬೀಳುವುದು ಅಕ್ಷರದಲ್ಲಿ. ಇಂಗ್ಲಿಷ್ ಓದು ಬಾರದ ಕೈ ಮುದ್ರೆಯನ್ನು ಚಿತ್ರದ ಹಾಗೆ ನಕಲಿಸಿದ್ದರಿಂದ ಎನ್‌ಫೀಲ್ಡ್‌ನ ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಕಾಗುಣಿತ ಹೆಚ್ಚುಕಡಿಮೆಯಾಗಿರುತ್ತದೆ. 1901ರಲ್ಲಿ ತೀರಿಹೋದ ವಿಕ್ಟೋರಿಯಾಳ ಮುದ್ರೆಯ ಕೆಳಗೆ 1919 ಎಂಬ ವರ್ಷ ನಿಶ್ಚಿಂತೆಯಿಂದ ಕೂತಿರುತ್ತದೆ. ಉಕ್ಕು ಮೆತುವಾದ್ದರಿಂದ ಹಾರಿಸುವುದು ಅಪಾಯ. ಆದರೂ ಇವನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ, ನನಗೆ ಅವರ ರುಚಿ ಅರ್ಥವಾಗುತ್ತದೆ.

ಇಷಾಪುರದ ಕೊನೆಯ ಸಂತಾನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರು ತ್ರೀ ನಾಟ್ ತ್ರೀ ಹಿಡಿದು ಹಿಮದಲ್ಲಿ ನಿಂತ ಮೇಲೆ, ಸೇನೆ 7.62 ಮಿ.ಮೀ. ತೋಟಾಕ್ಕೆ ಹೊರಳಿತು. ಸ್ವಯಂಚಾಲಿತ ರೈಫಲ್‌ಗಳು ಸಾಕಷ್ಟು ತಯಾರಾಗುವವರೆಗೆ ಇರಲಿ ಎಂದು ಲೀ-ಎನ್‌ಫೀಲ್ಡ್ ವಿನ್ಯಾಸದಲ್ಲೇ ಹೊಸ ತೋಟಾಕ್ಕೆ ಮಾಡಿದ್ದು 2ಎ, ಆಮೇಲೆ 2ಎ1. ಚೌಕದ ಮ್ಯಾಗಜೀನ್ ನೋಡಿದರೆ ಗುರುತು ಸಿಗುತ್ತದೆ. ಇದನ್ನು ಹಳೆಯ .303ರ ನಳಿಗೆ ಬದಲಿಸಿದ್ದು ಎಂದು ಬರೆಯುವವರು ಈಗಲೂ ಇದ್ದಾರೆ. ಅದು ತಪ್ಪು. ಹೆಚ್ಚಿನ ಒತ್ತಡ ತಾಳುವ ಉತ್ತಮ ಉಕ್ಕಿನಿಂದ ಹೊಸದಾಗಿಯೇ ಮಾಡಿದ್ದು. 2ಎಯ ಹಿಂಗುರಿಯಲ್ಲಿ 2000ದವರೆಗೆ ಅಂಕೆಗಳಿದ್ದರೆ 2ಎ1ರಲ್ಲಿ 800 ಮೀಟರಿಗೆ ಇಳಿಸಿದರು. ಎರಡು ಸಾವಿರ ಮೀಟರಿನಾಚೆಯ ಮನುಷ್ಯನನ್ನು ಬರಿಗಣ್ಣಲ್ಲಿ ನೋಡಿ ಹೊಡೆಯುವ ಭ್ರಮೆ ಅಲ್ಲಿಗೆ ಮುಗಿಯಿತು.

ಕಾಯ್ದೆಯ ಮಾತು

ಇಷ್ಟನ್ನು ಓದಿ ಒಂದನ್ನು ಕೊಂಡುಬಿಡೋಣ ಎಂದು ಯಾರಿಗಾದರೂ ಅನಿಸಿದ್ದರೆ, ಭಾರತದಲ್ಲಿ ಅದು ಆಗದ ಮಾತು. .303 ಸೇನೆಯ ಬೋರ್, ನಿಷಿದ್ಧ ವರ್ಗಕ್ಕೆ ಸೇರಿದ್ದು. 2019ರ ತಿದ್ದುಪಡಿಯ ನಂತರ ನಿಷಿದ್ಧ ಅಸ್ತ್ರವನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ 7ರಿಂದ 14 ವರ್ಷದವರೆಗೆ ಸೆರೆವಾಸ. ಉಳಿದ ಕೋವಿಗಳ ವಿಷಯದಲ್ಲೂ ಒಬ್ಬರಿಗೆ ಮೂರು ಎಂಬ ಮಿತಿಯನ್ನು ಅದೇ ತಿದ್ದುಪಡಿ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದದ್ದಕ್ಕೂ ಅದೇ ಲೆಕ್ಕ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಗುಂಡು ಹಾರಿಸಲು ಬಾರದಂತಿರಬೇಕು. ಅಟ್ಟದ ಮೇಲಿನ ತುಕ್ಕು ಹಿಡಿದ ತ್ರೀ ನಾಟ್ ತ್ರೀ ಈ ಸಾಲಿಗೆ ಸುಲಭಕ್ಕೆ ಬರುವುದಿಲ್ಲ.

ಕೊಡಗಿನ ಮಾತು ಬೇರೆಯೇ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಸಿಪಾಯಿಗೆ ಬೋಳು ನಳಿಗೆ ಕೊಟ್ಟ ಅದೇ ವರ್ಷಗಳಲ್ಲಿ ಇಲ್ಲಿ ಈ ನಂಬಿಕೆ! ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದ ದಿನ ಕೊಡವರ ಐನ್‌ಮನೆಗಳಲ್ಲಿ ತೋಕಿಗೆ (ಕೋವಿಗೆ) ತೋಕ್‌ಪೂ ಸಿಕ್ಕಿಸಿ ಪೂಜಿಸುವಾಗ, ಆ ಹೂವಿನ ಕೆಳಗಿನ ಮುದ್ರೆಗಳನ್ನೂ ಒಮ್ಮೆ ಯಾರಾದರೂ ಬರೆದಿಟ್ಟುಕೊಂಡರೆ ಕೊಡಗಿನ ಮನೆಮನೆಯ ಕೋವಿಗಳ ಒಂದು ದೊಡ್ಡ ಚರಿತ್ರೆ ಕೂಡಿಬರುತ್ತದೆ. ಅಲ್ಲಿನ ಜೋಡು ನಳಿಗೆಗಳಲ್ಲಿ, ಕೇಪಿನ ಕೋವಿಗಳಲ್ಲಿ ಓದುವುದು ಬಹಳ ಉಳಿದಿದೆ.

ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಹಳೆಯ ರೈಫಲ್ ಸಿಕ್ಕರೆ, ಅದಕ್ಕೆ ಲೈಸೆನ್ಸ್ ಇತ್ತೋ ಇಲ್ಲವೋ ತಿಳಿಯದಿದ್ದರೆ, ಉಜ್ಜಬೇಡಿ, ಬಣ್ಣ ಬಳಿಯಬೇಡಿ, ಕೋವಿ ಬಲ್ಲವರಲ್ಲದಿದ್ದರೆ ಬೋಲ್ಟ್ ಆಡಿಸಿ ನೋಡಬೇಡಿ, ರಾತ್ರೋರಾತ್ರಿ ಬಾವಿಗೆ ಎಸೆಯಲಂತೂ ಬೇಡಿ. ಹತ್ತಿರದ ಠಾಣೆಗೆ ತಿಳಿಸಿ. ಕಾನೂನುಬದ್ಧ ಹಕ್ಕು ಇಲ್ಲದ ಅಸ್ತ್ರವನ್ನು ತಡಮಾಡದೆ ಠಾಣೆಯಲ್ಲಿ ಒಪ್ಪಿಸಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ, ಲೈಸೆನ್ಸ್ ಇರುವ ಡೀಲರ್ ಬಳಿ ಇಡಲೂ ಅವಕಾಶವಿದೆ. ಒಪ್ಪಿಸುವಾಗ ಪಟ್ಟಿಯ ಮೇಲಿನ ಅಕ್ಷರ, ವರ್ಷ, ನಂಬರುಗಳನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಅದು ನಿಮ್ಮ ರಕ್ಷಣೆಗೂ ಆಯಿತು, ದಾಖಲೆಗೂ ಆಯಿತು.

ನಮ್ಮ ವಸ್ತು ಸಂಗ್ರಹಾಲಯಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ. ಗಾಜಿನ ಪೆಟ್ಟಿಗೆಯ ಪಕ್ಕ ‘ಹಳೆಯ ಬಂದೂಕು’, ‘ಬ್ರಿಟಿಷರ ಕಾಲದ ಕೋವಿ’ ಎಂದು ಬರೆದು ಕೈತೊಳೆದುಕೊಂಡ ಫಲಕಗಳು ಸಾಕಷ್ಟಾಗಿವೆ. ಬಲಗಡೆಯ ಪಟ್ಟಿ ನೋಡುಗರಿಗೆ ಕಾಣುವಂತೆ ಅದನ್ನು ತಿರುಗಿಸಿಡಿ. ಕಾರ್ಖಾನೆ, ವರ್ಷ, ಮಾದರಿ, ನಂಬರು, ಎಲ್ಲಿಂದ ಬಂತು ಎಂಬ ಐದು ವಿವರಗಳನ್ನು ಕನ್ನಡದಲ್ಲಿ ಬರೆಯಿರಿ. ಮುಂದಿನ ಸಲ ಬಣ್ಣ ಹೊಡೆಸುವ ಬಜೆಟ್ ಬಂದಾಗ ಗೋಡೆಗೆ ಹೊಡೆಸಿ, ಕೋವಿಗೆ ಬೇಡ.